ದ್ಯಾಮಣ್ಣ ಕೋಟೆಯ ನೀರು ಕಾದದ್ದು

ಹೂಂಗುಟ್ತೀರಾ? ಹಂಗಾದ್ರೆ ಕೇಳಿ.

ಒಬ್ಬ ಪಾಳೇಗಾರ ಗುಡ್ಡದ ಮೇಲೆ ಕೋಟೆ ಕಟ್ಟಿಸ್ತಿದ್ದ. ಅವನಿಗೊಂದು ಆಸೆ. ಮೇಲಿನ ಹೊಂಡದ ನೀರು ಬಂಡೆಯಿಂದ ಧುಮುಕಿ ಅಂಗಳದ ಕೊಳಕ್ಕೆ ಬೀಳಬೇಕು, ಕೋಟೆಯೊಳಗೇ ಒಂದು ಜಲಪಾತ ಇರಬೇಕು ಅಂತ. ಅಲ್ಲಿ ಮಣ್ಣು ಹೊರೋ ಸಣ್ಣೀರವ್ವಂಗೆ ಒಬ್ಬನೇ ಮಗ, ದ್ಯಾಮಣ್ಣ. ಆಳು ನೋಡಿದ್ರೆ ಆನೆ, ಬುದ್ಧಿ ನೋಡಿದ್ರೆ ಆಡಿನ ಮರಿ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. "ನಾನು ಕಣ್ಣು ಮುಚ್ಚಿದ ಮೇಲೆ ಇವನಿಗ್ಯಾರಪ್ಪ ಗತಿ!" ಅಂತ ಅವಳ ಕೊರಗು. ಮೇಸ್ತ್ರಿ ಗಾದ್ರಪ್ಪನ ಕೈಕಾಲು ಹಿಡಿದು ಮಗನಿಗೊಂದು ಕೆಲಸ ಕೊಡಿಸಿದಳು.

"ಹೊಂಡದ ನೀರು ನೋಡ್ಕೊಳೋ," ಅಂದ ಮೇಸ್ತ್ರಿ.

ದ್ಯಾಮಣ್ಣ ಕೂತ. ನೋಡಿದ. ಮಳೆ ಬಂತು, ನೋಡಿದ. ಹೊಂಡ ತುಂಬ್ತು, ನೋಡಿದ. ನೀರು ಏರಿ ದಾಟ್ತು, ನೋಡಿದ. ಹೊಸ ಗೋಡೆ ದಬಕ್ಕನೆ ಬಿತ್ತು, ಅದನ್ನೂ ನೋಡಿದ!

"ನೋಡ್ಕೋ ಅಂದ್ರಲ್ಲವ್ವ, ರೆಪ್ಪೇನೂ ಬಡೀಲಿಲ್ಲ ನಾನು!"

"ಅಯ್ಯೋ ನನ್ನ ಕರ್ಮವೇ! ನೀರು ಬಂದ್ರೆ ಕೂಗ್ಬೇಕು ಮಗಾ. 'ಬಂತು ಬಂತು, ಓಡ್ರಪ್ಪೋ!' ಅಂತ ಎಲ್ಲರಿಗೂ ಕೇಳೋ ಹಂಗೆ ಕೂಗ್ಬೇಕು."

ಮಾರನೇ ದಿನ ಒಬ್ಬ ಮುದುಕಿ ಕೆಲಸದೋರಿಗೆ ಕುಡಿಯೋಕೆ ಅಂತ ಕೊಡದಲ್ಲಿ ನೀರು ತಂದಳು.

"ಬಂತು ಬಂತು! ಓಡ್ರಪ್ಪೋ!"

ವೈರಿ ದಂಡೇ ಬಂತು ಅಂತ ಕಲ್ಲು ಬಿಟ್ಟು, ಗುದ್ದಲಿ ಬಿಟ್ಟು, ಎಲ್ಲರೂ ಗುಡ್ಡ ಇಳಿದು ಪರಾರಿ! ಮುದುಕಿಯೂ ಕೊಡ ಎತ್ತಿಹಾಕಿ ಓಡಿದಳು.

"ದೊಡ್ಡೋರು ಬಂದ್ರೆ ಹಂಗೆ ಕಿರುಚ್ತಾರೇನೋ? ಕೈ ಮುಗಿದು ದಾರಿ ಬಿಡ್ಬೇಕು ಕಣೋ!" ಅಂದಳು ಸಣ್ಣೀರವ್ವ.

ಸರಿ. ಆಮೇಲೊಂದು ದಿನ ಜಡಿಮಳೆ. ಕಾಲುವೆ ತುಂಬ ಕೆಂಪು ನೀರು ನುಗ್ಗಿ ಬಂತು. "ಅಬ್ಬಾ, ದೊಡ್ಡ ನೀರು!" ದ್ಯಾಮಣ್ಣ ನೀರು ತಡೆಯೋ ಅಡ್ಡಹಲಗೆ ಎತ್ತಿದ, ಕೈ ಮುಗಿದ. "ಬನ್ನಿ ತಾಯಿ, ದಯಮಾಡಿಸಿ!" ಆ ತಾಯಿ ದಯಮಾಡಿಸಿ ನೆಟ್ಟಗೆ ದೊರೆಯ ರಾಗಿ ಕಣಜ ಹೊಕ್ಕಳು.

"ಇನ್ನೊಂದು ಸಲ ಹಿಂಗಾದ್ರೆ ತಾಯಿ ಮಗ ಇಬ್ಬರೂ ಗುಡ್ಡ ಇಳೀರಿ!" ಅಂದ ಗಾದ್ರಪ್ಪ.

ಸಣ್ಣೀರವ್ವ ಅಂಬಲಿ ಪಕ್ಕಕ್ಕಿಟ್ಟಳು. ಮಗನ ತಲೆ ನೇವರಿಸಿದಳು. "ನಾಳೆ ದೊರೆ ಜಲಪಾತ ನೋಡೋಕೆ ಬರ್ತಾರೆ. ನೀನೇನೂ ಮಾಡ್ಬೇಡ ಕಂದಾ. ಹೊಂಡದ ತೂಬಿನ ಹತ್ರ ಬಾಯಿ ಮುಚ್ಕೊಂಡು ಕೂತಿರು."

ದೊರೆ ಬಂದ. ಡೊಳ್ಳು ಬಡೀತು. ಎಲ್ಲರೂ ಕತ್ತೆತ್ತಿದರು. ಒಂದು ಹನಿ ನೀರಿಲ್ಲ! ಸಣ್ಣೀರವ್ವ ಎದೆ ಬಡ್ಕೊಂಡು ಮೇಲಕ್ಕೆ ಓಡಿದಳು. ನೋಡ್ತಾಳೆ, ಮಗ ತೂಬಿನ ಬಾಯಿಗೆ ಕಂಬಳಿ ತುರುಕಿ, ಅದಕ್ಕೇ ಬೆನ್ನು ಕೊಟ್ಟು ಕೂತಿದಾನೆ!

"ಬಾಯಿ ಬಿಡೋ ಮಗಾ!"

"ಬಿಟ್ಟೆ ಕಣವ್ವ!"

ಕಂಬಳಿ ಕಿತ್ತ. ತಡೆದಿದ್ದ ನೀರೆಲ್ಲ ಭೋರಂತ ಧುಮುಕ್ತು. ಕಂಬಳಿ ಕೈಬಿಡದ ದ್ಯಾಮಣ್ಣನೂ ಅದರ ಜೊತೆಗೇ ಜಾರಿ, ದೊರೆ ಮುಂದಿನ ಕೊಳಕ್ಕೆ ಧುಡುಮ್ಮಂತ ಬಿದ್ದ!

"ಅಯ್ಯೋ ನನ್ನ ಕಂದಾ!" ತಾಯಿ ಕೆಳಕ್ಕೆ ಓಡಿಬರೋ ಹೊತ್ತಿಗೆ ಮಗ ಎದ್ದು ನಿಂತಿದ್ದ, ಹಲ್ಲು ಕಟಕಟ ಅಂತಿದ್ವು. ದೊರೆಯ ರುಮಾಲಿಂದ ಜೋಡಿನವರೆಗೂ ನೀರು.

ದೊರೆ ಧುಮುಕೋ ನೀರು ನೋಡಿದ. ನಡುಗೋ ದ್ಯಾಮಣ್ಣನ್ನ ನೋಡಿದ. ಆಳಿನ ಕೈಲಿದ್ದ ಒಣ ಶಾಲು ಈಸ್ಕೊಂಡು ಅವನಿಗೇ ಕೊಟ್ಟ. "ಪಾಪ, ಮೊದಲು ಈ ನೀರೆಲ್ಲ ಒರೆಸಪ್ಪಾ."

"ಅಪ್ಪಣೆ ಬುದ್ಧಿ!"

ನೆಟ್ಟಗೆ ಜಲಪಾತದ ಕೆಳಗೆ ಹೋಗಿ ಬಂಡೆ ಒರೆಸೋಕೆ ನಿಂತ! ಒರೆಸಿದ, ಹಿಂಡಿದ. ಒರೆಸಿದ, ಹಿಂಡಿದ.

ದೊರೆ ಹೊಟ್ಟೆ ಹಿಡ್ಕೊಂಡು ನಕ್ಕ. "ಬಂಡೆ ಒಣಗೋವರೆಗೂ ಈ ಕೆಲಸ ಇವನದೇ! ಅಲ್ಲೀವರೆಗೂ ತಾಯಿ ಮಗನ ಊಟ ಅರಮನೇದು!"

ಸಣ್ಣೀರವ್ವ ಸೆರಗಲ್ಲಿ ಕಣ್ಣೊರೆಸ್ಕೊಂಡಳು. "ಸಾಕು ಬಾರೋ ಕಂದಾ, ಉಣ್ಣೋಣ."

"ತಡಿಯವ್ವ, ಇನ್ನೊಂದು ಚೂರು ಹಸಿ ಐತೆ!"