ಕೀಗೆ ಹೊಸ ರಬ್ಬರು ಹಾಕಿದವನು

ಶಿಷ್ಯನು ಕೇಳಿದ: "ಗುರುಗಳೇ, ತಿಳಿಯದೆ ಮಾಡಿದ ಕೆಲಸದಿಂದ ಇನ್ನೊಬ್ಬರ ಮನೆ ಹಾಳಾದರೆ, ಮಾಡಿದವನಿಗೆ ಪಾಪ ತಗಲುತ್ತದೆಯೇ?"

ಗುರುಗಳು, "ಒಂದು ಕತೆ ಇದೆ, ಕೇಳು" ಎಂದರು.

ಒಂದು ಊರಿನಲ್ಲಿ ಕೀ ರಿಪೇರಿ ಮಾಡುವವನೊಬ್ಬನಿದ್ದ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿ. ಮೊದಮೊದಲು ಮನೆಯ ಬೀಗಗಳಿಗೆ ಕೀ ಕೊರೆದು ಕೊಡುತ್ತಿದ್ದ. ಊರಿನಲ್ಲಿ ಕಾರುಗಳು ಹೆಚ್ಚಿದ ಮೇಲೆ ಕಾರಿನ ರಿಮೋಟ್ ಕೀಗಳ ಕೆಲಸ ಕಲಿತುಕೊಂಡ. ಆ ಕೀಯ ಮೇಲೆ ಬಾಗಿಲು ತೆರೆಯಲು ಒಂದು ಗುಂಡಿ, ಮುಚ್ಚಲು ಒಂದು ಗುಂಡಿ ಇರುತ್ತವೆ. ಎರಡೂ ರಬ್ಬರಿನವು. ದಿನವೂ ಒತ್ತಿ ಒತ್ತಿ ಆ ರಬ್ಬರು ಸವೆಯುತ್ತದೆ, ಕೊನೆಗೆ ಹರಿದು ತೂತು ಬೀಳುತ್ತದೆ. ಅವನು ಕೀಯನ್ನು ಬಿಚ್ಚಿ, ಹಳೆಯ ರಬ್ಬರನ್ನು ತೆಗೆದು, ಹೊಸದನ್ನು ಕೂರಿಸಿ ಕೊಡುತ್ತಿದ್ದ. ಕೆಲಸ ಅಚ್ಚುಕಟ್ಟು, ಮಾತು ಕಡಿಮೆ. ಹೆಂಡತಿ, ಮಕ್ಕಳು, ಬಾಡಿಗೆ ಮನೆ. ಅವನನ್ನು ಕೆಟ್ಟವನೆಂದು ಯಾರೂ ಹೇಳಿದ್ದಿಲ್ಲ.

ಒಂದು ದಿನ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರಿಯೊಬ್ಬ ಬಂದು ಒಂದು ಕೀಯನ್ನು ಅವನ ಮುಂದಿಟ್ಟ. ಅದರ ಗುಂಡಿಗಳ ಮೇಲಿದ್ದ ಬೀಗದ ಚಿತ್ರ ಪೂರ್ತಿ ಅಳಿಸಿಹೋಗಿತ್ತು. ತೆರೆಯುವ ಗುಂಡಿಯಲ್ಲಿ ತೂತು ಬಿದ್ದಿತ್ತು. ಕೀಯವನು ಸಣ್ಣ ಚಾಕುವಿನ ತುದಿಯಿಂದ ಅದನ್ನು ಬಿಚ್ಚುವಾಗ ಕೈ ಜಾರಿ ಅಂಚಿನಲ್ಲಿ ಒಂದು ಗೀರು ಬಿತ್ತು. ಒಳಗೆ ನೋಡಿದ. ತೂತಿನಿಂದ ಇಳಿದ ಬೆವರು ಮತ್ತು ಧೂಳಿಗೆ ಒಳಗಿನ ತಗಡೆಲ್ಲ ಕಪ್ಪಾಗಿತ್ತು.

"ಬಹಳ ಓಡಿದ ಗಾಡಿ. ಬಾಡಿಗೆಗೆ ಬಿಟ್ಟಿದ್ದರೇ?" ಎಂದು ಕೇಳಿದ.

"ಓಡಿಸಿದವನು ಓಡಿಸಿದ. ನೀನು ರಬ್ಬರು ಹಾಕು" ಎಂದ ವ್ಯಾಪಾರಿ.

ಕೀಯವನು ಒಳಗಿನ ಧೂಳನ್ನು ಒರೆಸಿದ. ತಗಡಿನ ಕಪ್ಪು ಹೋಗಲಿಲ್ಲ. ಹೊಸ ರಬ್ಬರು ಹಾಕಿ ಮುಚ್ಚಿ ಕೊಟ್ಟ. ವ್ಯಾಪಾರಿ ಅದನ್ನು ಬೆಳಕಿಗೆ ಹಿಡಿದು ನೋಡಿದ. ಅವನಿಗೆ ಸಮಾಧಾನವಾಗಲಿಲ್ಲ.

"ಇಷ್ಟು ಹೊಸದಾಗಿ ಕಾಣಬಾರದು. ಸ್ವಲ್ಪ ಹೊಳಪು ತೆಗೆದು ಕೊಡು."

"ಯಾಕೆ?"

"ಕೊಳ್ಳುವವರಿಗೂ ಕಣ್ಣಿರುತ್ತದಲ್ಲ."

ಕೀಯವನು ಒರಟು ಬಟ್ಟೆ ತೆಗೆದುಕೊಂಡು ಗುಂಡಿಗಳನ್ನು ಮೆಲ್ಲಗೆ ಉಜ್ಜಿದ. ಹೊಸ ರಬ್ಬರು ಅಲ್ಪಸ್ವಲ್ಪ ಬಳಸಿದ ರಬ್ಬರಿನಂತಾಯಿತು. ರಬ್ಬರು ಹಾಕುವುದು ತಪ್ಪಲ್ಲ, ಬಟ್ಟೆಯಿಂದ ಉಜ್ಜುವುದೂ ತಪ್ಪಲ್ಲ, ಮಾರುವವನು ಅವನು, ಕೊಳ್ಳುವವನು ಇನ್ಯಾರೋ, ಎಂದು ತನಗೆ ತಾನೇ ಹೇಳಿಕೊಂಡ. ಮನೆಗೆ ಹೋಗಿ ಊಟ ಮಾಡಿದ. ಚೆನ್ನಾಗಿ ನಿದ್ದೆ ಬಂತು.

ಆ ಕಾರು ಹಲವು ವರ್ಷ ಬಾಡಿಗೆಗೆ ದುಡಿದ ಕಾರು. ಎಷ್ಟು ಓಡಿದೆಯೆಂದು ತೋರಿಸುವ ಮೀಟರನ್ನು ವ್ಯಾಪಾರಿ ಹಿಂದಕ್ಕೆ ತಿರುಗಿಸಿದ್ದ. ಸೀಟಿಗೆ ಹೊಸ ಬಟ್ಟೆ ಹೊಲಿಸಿದ್ದ. ಕಾಲಿಡುವ ಪೆಡಲುಗಳಿಗೆ ಹೊಸ ರಬ್ಬರು ತೊಡಿಸಿದ್ದ. ಕಣ್ಣಿಗೆ ಬೀಳುವುದನ್ನೆಲ್ಲ ಸರಿಮಾಡಿದ್ದ. ಬೀಳದ್ದನ್ನು ಮುಟ್ಟಿರಲಿಲ್ಲ.

ಅದೇ ಊರಿನಲ್ಲಿ ಅಂಚೆ ಕಚೇರಿಯ ನೌಕರನೊಬ್ಬನಿದ್ದ. ಅವನ ಹೆಂಡತಿಯ ತವರು ಘಟ್ಟದ ಮೇಲಿನ ಊರು. ಬಸ್ಸು ಹತ್ತಿದರೆ ಘಟ್ಟದ ತಿರುವುಗಳಲ್ಲಿ ಆಕೆಗೆ ವಾಂತಿಯಾಗುತ್ತಿತ್ತು. ಹಾಗಾಗಿ ತವರಿಗೆ ಹೋಗುವುದೇ ಅಪರೂಪವಾಗಿತ್ತು. ಸ್ವಂತ ಕಾರಿದ್ದರೆ ಬೇಕಾದಲ್ಲಿ ನಿಲ್ಲಿಸಿಕೊಂಡು ಹೋಗಬಹುದು ಎಂದು ಆಕೆ ಒಮ್ಮೆ ಹೇಳಿದ್ದಳು. ಗಂಡ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ. ಹೊಸ ಕಾರು ಅವನ ಕೈಗೆ ಎಟುಕುವಂತಿರಲಿಲ್ಲ. ಹಳೆಯದನ್ನು ನೋಡಲು ವ್ಯಾಪಾರಿಯ ಬಳಿಗೆ ಹೋದ. ಗಾಡಿಯ ವಿಷಯ ತಿಳಿದವನೆಂದು ಹೆಂಡತಿಯ ತಮ್ಮನನ್ನು ಘಟ್ಟದ ಮೇಲಿಂದ ಕರೆಸಿಕೊಂಡಿದ್ದ.

ಭಾವಮೈದುನ ಕಾರಿನ ಸುತ್ತ ನಡೆದ. ಮೀಟರ್ ನೋಡಿದ. ಆಮೇಲೆ ಕೀಯನ್ನು ಕೇಳಿ ಪಡೆದು ಅದರ ಗುಂಡಿಗಳ ಮೇಲೆ ಬೆರಳಾಡಿಸಿದ.

"ಭಾವ, ಮೀಟರನ್ನು ಯಾರು ಬೇಕಾದರೂ ತಿರುಗಿಸುತ್ತಾರೆ. ಕೀಯ ಮೇಲೆ ಮಾತ್ರ ಬೆರಳಿನ ಗುರುತು ಉಳಿಯುತ್ತದೆ. ನೋಡಿ, ಗುಂಡಿ ಸವೆದೇ ಇಲ್ಲ. ಇದು ಮನೆಯಲ್ಲಿ ನಿಂತಿದ್ದ ಗಾಡಿ" ಎಂದ.

ಅಂಚೆಯವನು ಕಾರನ್ನು ಕೊಂಡ.

ಹೆಂಡತಿ ಅದಕ್ಕೆ ಅರಿಸಿನ ಕುಂಕುಮ ಇಟ್ಟಳು. ಶಾಲೆಗೆ ಹೋಗುವ ಮಗಳಿದ್ದಳು. ಅವಳು ಹಿಂದಿನ ಸೀಟು ತನ್ನದೆಂದು ಸಾರಿದಳು. ದಸರೆಯ ರಜೆಯಲ್ಲಿ ಮೂವರೂ ತವರಿಗೆ ಹೋದರು. ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿದರು. ಆಕೆಗೆ ಈ ಬಾರಿ ವಾಂತಿಯಾಗಲಿಲ್ಲ. ತಾಯಿಯ ಮನೆಯಲ್ಲಿ ನಾಲ್ಕು ದಿನ ನಗುನಗುತ್ತ ಇದ್ದಳು.

ಹಿಂದಿರುಗುವಾಗ, ಘಟ್ಟ ಇಳಿಯುವ ರಸ್ತೆಯಲ್ಲಿ ಬ್ರೇಕ್ ಹಿಡಿಯಲಿಲ್ಲ. ಅಂಚೆಯವನು ಒತ್ತಿದ. ಪೆಡಲು ತಳಕ್ಕೆ ಹೋಗಿ ಅಲ್ಲೇ ಉಳಿಯಿತು. ಮತ್ತೆ ಒತ್ತಿದ. ಎದುರಿಗೆ ತಿರುವು, ತಿರುವಿನಾಚೆ ಇಳಿಜಾರು. ಕಾರು ಉರುಳಿ ಒಂದು ಮರಕ್ಕೆ ಬಡಿದು ನಿಂತಿತು. ಹೆಂಡತಿ ಅಲ್ಲೇ ಸತ್ತಳು. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗಳ ತೋಳು ಮುರಿಯಿತು. ಅವನಿಗೆ ಹಣೆಯ ಮೇಲೊಂದು ಗಾಯ, ಅಷ್ಟೆ. ಅಷ್ಟೇ ಆದದ್ದು ಅವನ ಪಾಲಿಗೆ ಇನ್ನಷ್ಟು ಕೆಡುಕಾಯಿತು.

ಕಾರು ನುಜ್ಜುಗುಜ್ಜಾಗಿದ್ದರಿಂದ ಏನು ಕೆಟ್ಟಿತ್ತು, ಏನು ಸರಿಯಿತ್ತು ಎಂದು ಯಾರಿಗೂ ಹೇಳಲಾಗಲಿಲ್ಲ. ಪೊಲೀಸರು ಅತಿವೇಗವೇ ಕಾರಣ ಎಂದರು. ಬ್ರೇಕ್ ಹಿಡಿಯಲಿಲ್ಲ ಎಂದು ಅವನು ಎಲ್ಲರಿಗೂ ಹೇಳಿದ. ನಂಬಬೇಕಾದವರು ನಂಬಲಿಲ್ಲ. ಹೆಂಡತಿಯ ತಮ್ಮನೇ ಜನರ ಮುಂದೆ, "ಗಾಡಿಯನ್ನು ನಾನೇ ನೋಡಿದ್ದೇನೆ. ಕೀಯ ಗುಂಡಿ ಕೂಡ ಸವೆದಿರಲಿಲ್ಲ. ಅಂಥ ಗಾಡಿಯ ಬ್ರೇಕ್ ಹೋಗುವುದು ಹೇಗೆ?" ಎಂದ. ಅವನು ಸುಳ್ಳು ಹೇಳಲಿಲ್ಲ. ಕಂಡದ್ದನ್ನೇ ಹೇಳಿದ.

ತಿಥಿ ಕಳೆದ ಮೇಲೆ ಅತ್ತೆ ಅಳಿಯನ ಮುಂದೆ ನಿಂತು ಹೇಳಿದಳು: "ನನ್ನ ಮಗಳನ್ನು ಕೊಂದದ್ದಕ್ಕಿಂತ, ಕೊಂದು ತಪ್ಪನ್ನು ಗಾಡಿಯ ಮೇಲೆ ಹಾಕುತ್ತೀರಲ್ಲ, ಅದು ನನಗೆ ಹೆಚ್ಚು ನೋವು. ಮಗುವನ್ನು ನಿಮ್ಮ ಜೊತೆ ಕಳಿಸುವುದಿಲ್ಲ."

ತೋಳಿಗೆ ಪಟ್ಟಿ ಕಟ್ಟಿಕೊಂಡಿದ್ದ ಮಗಳು ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ತಂದೆ ಕರೆದ. ಅವಳು ಬರಲಿಲ್ಲ.

ಅವನು ಒಬ್ಬನೇ ಊರಿಗೆ ಮರಳಿದ. ಕಾರು ಮಾರಿದ ವ್ಯಾಪಾರಿ ಅಷ್ಟರಲ್ಲಿ ಅಂಗಡಿ ಎತ್ತಿಕೊಂಡು ಬೇರೆಲ್ಲೋ ಹೋಗಿಬಿಟ್ಟಿದ್ದ. ಗ್ಯಾರೇಜಿನವನೊಬ್ಬ ಇವನ ಸ್ಥಿತಿ ನೋಡಿ ಮರುಗಿ, "ಕೀ ನಿಮ್ಮ ಹತ್ತಿರವೇ ಇದೆಯಲ್ಲ. ಬಸ್ ನಿಲ್ದಾಣದ ಹಿಂದೆ ಕೀಯವನಿದ್ದಾನೆ. ಬಿಚ್ಚಿ ನೋಡಿದರೆ ಗಾಡಿ ಎಷ್ಟು ಓಡಿದ್ದೆಂದು ಅವನಿಗೆ ತಿಳಿಯಬಹುದು" ಎಂದ.

ಹೀಗೆ ಆ ಕೀ ಮತ್ತೆ ಕೀಯವನ ಅಂಗಡಿಗೆ ಬಂತು.

ಕೀಯವನು ಅದನ್ನು ಕೈಗೆ ತೆಗೆದುಕೊಂಡ. ಅಂಚಿನ ಗೀರನ್ನು ಕಂಡ ಕೂಡಲೇ ಗುರುತು ಹಿಡಿದ. ಆದರೂ ತಿರುಗಿಸಿ ತಿರುಗಿಸಿ ನೋಡಿದ.

"ಇದು ಹಾಳಾಗಿದೆಯೇ?" ಎಂದು ಕೇಳಿದ.

"ಇಲ್ಲ. ಇದರ ರಬ್ಬರು ಗಾಡಿಯ ಜೊತೆಗೆ ಬಂದದ್ದೋ, ಆಮೇಲೆ ಹಾಕಿದ್ದೋ, ಅದನ್ನು ಹೇಳಿ ಸಾಕು" ಎಂದ ಅಂಚೆಯವನು.

"ಅದು ಯಾಕೆ ಬೇಕು?"

ಅಂಚೆಯವನು ನಡೆದದ್ದನ್ನು ಹೇಳಿದ. ಅಳಲಿಲ್ಲ. ಕೊನೆಗೆ ಹೇಳಿದ: "ಬ್ರೇಕ್ ಒತ್ತಿದೆ ಎಂದು ನನಗೆ ನೆನಪಿತ್ತು. ಎಲ್ಲರೂ ಇಲ್ಲ ಎನ್ನುತ್ತಾರೆ. ಈಗೀಗ ನನಗೂ ತಿಳಿಯುವುದಿಲ್ಲ. ಒತ್ತಿದೆನೋ, ಒತ್ತಿದೆನೆಂದು ಅಂದುಕೊಂಡೆನೋ. ಹಾದಿಯಲ್ಲಿ ನಡೆಯುವಾಗಲೂ ಕಾಲು ತಾನಾಗಿ ಒತ್ತುತ್ತದೆ. ಗಾಡಿ ಬಹಳ ಓಡಿ ಸವೆದಿತ್ತೆಂದು ವಿಷಯ ತಿಳಿದವರೊಬ್ಬರು ಬಂದು ಹೇಳಿದರೆ ಮಗುವನ್ನು ಕಳಿಸುತ್ತೇನೆ ಎಂದಿದ್ದಾರೆ ನಮ್ಮ ಅತ್ತೆ. ನೀವು ಬರುವುದೂ ಬೇಡ. ನನಗೆ ಒಂದು ಮಾತು ಹೇಳಿ."

ಸತ್ಯ ಹೇಳಬೇಕೆಂದೇ ಕೀಯವನು ಬಾಯಿ ತೆರೆದ. ಆಗ ಅವನಿಗೆ ಪೊಲೀಸ್ ಠಾಣೆ ನೆನಪಾಯಿತು. ತನ್ನ ಮಕ್ಕಳು ನೆನಪಾದರು. ಉಜ್ಜಿದವನು ಯಾರು ಎಂದು ಕೇಳಿದರೆ ಏನು ಹೇಳುವುದು ಎಂಬುದು ನೆನಪಾಯಿತು.

"ಗಾಡಿಯ ಜೊತೆ ಬಂದ ರಬ್ಬರೇ" ಎಂದ. "ಹೆಚ್ಚು ಓಡಿದ ಗಾಡಿಯಲ್ಲ."

"ಬಿಚ್ಚಿ ನೋಡುವುದಿಲ್ಲವೇ?"

"ಬೇಕಿಲ್ಲ. ಮೇಲಿನಿಂದಲೇ ತಿಳಿಯುತ್ತದೆ."

ಅಂಚೆಯವನು ತಲೆಯಾಡಿಸಿದ. "ಹಾಗಾದರೆ ನಾನೇ" ಎಂದ. ಕೀಯನ್ನು ಮೇಜಿನ ಮೇಲೆ ಬಿಟ್ಟು ಹೊರಟುಹೋದ. ಕೀಯವನು ಕರೆಯಬೇಕೆಂದುಕೊಂಡ. ಅವನು ಬೀದಿಯ ತಿರುವು ದಾಟುವವರೆಗೂ ಹಾಗೇ ಅಂದುಕೊಳ್ಳುತ್ತಿದ್ದ.

ಅಂದಿನಿಂದ ಕೀಯವನಿಗೆ ನೆಮ್ಮದಿ ಹೋಯಿತು. ಊಟ ಸೇರಲಿಲ್ಲ. ಹೆಂಡತಿ ಏನಾಯಿತೆಂದು ಕೇಳಿದಳು. ಏನೂ ಇಲ್ಲ ಎಂದ. ಹಳೆಯ ಕಾರಿನ ವ್ಯಾಪಾರಿಗಳ ಕೆಲಸವನ್ನು ಪೂರ್ತಿ ಬಿಟ್ಟ. ಸೋಮವಾರ ಉಪವಾಸ ಹಿಡಿದ. ಅಮಾವಾಸ್ಯೆಗೆ ದೇವಸ್ಥಾನದಲ್ಲಿ ಬಡವರಿಗೆ ಅನ್ನ ಹಾಕಿಸಿದ. ಘಟ್ಟದ ಆ ತಿರುವಿಗೆ ಹೋಗಿ ಮರದ ಬುಡದಲ್ಲಿ ದೀಪ ಹಚ್ಚಿಟ್ಟು ಬಂದ. ಅಲ್ಲಿಂದ ಮುಂದಕ್ಕೆ ಸತ್ತವಳ ತವರಿಗೆ ಅದೇ ರಸ್ತೆ ಹೋಗುತ್ತದೆ. ಅವನು ಅಲ್ಲಿಂದಲೇ ಹಿಂದಿರುಗಿದ.

ಒಮ್ಮೆ ಊರಿನ ಹಿರಿಯರೊಬ್ಬರ ಬಳಿ ಮನಸ್ಸು ಬಿಚ್ಚಿದ. ಒಂದು ಕೀಗೆ ರಬ್ಬರು ಹಾಕಿ ಕೊಟ್ಟೆ, ಅದರಿಂದ ಒಬ್ಬರು ಮೋಸಹೋದರು, ಒಂದು ಸಾವಾಯಿತು, ಎಂದ. ಹಿರಿಯರು ಅವನ ಬೆನ್ನು ಸವರಿ, "ತಿಳಿಯದೆ ಮಾಡಿದ್ದಕ್ಕೆ ಇಷ್ಟು ಕೊರಗಬಾರದಪ್ಪ" ಎಂದರು. ಗುಂಡಿಯನ್ನು ಉಜ್ಜಿದ್ದನ್ನೂ, ಅಂಚೆಯವನಿಗೆ ಕೊಟ್ಟ ಉತ್ತರವನ್ನೂ ಅವನು ಅವರಿಗೆ ಹೇಳಿರಲಿಲ್ಲ. ಆದರೂ ಆ ಮಾತಿನಿಂದ ಅವನಿಗೆ ಸ್ವಲ್ಪ ಹಗುರವಾಯಿತು.

ಕೊನೆಗೆ ಯಾತ್ರೆಗೆ ಹೋದ. ಎರಡು ನದಿಗಳು ಕೂಡುವ ಕಡೆ, ಬೆಳಗಿನ ಚಳಿಯಲ್ಲಿ, ಮೂರು ಮುಳುಗು ಹಾಕಿದ. ಆ ಕೀಯನ್ನು ಜೇಬಿನಲ್ಲಿ ತಂದಿದ್ದ. ಅದನ್ನು ಬಿಚ್ಚಿದರೆ ಒಳಗೆ ಕಪ್ಪಾದ ತಗಡು ಆಗಲೂ ಇತ್ತು. ನೋಡಿದ ಯಾವ ಕೀ ಕೆಲಸದವನಾದರೂ ಗಾಡಿಯ ವಯಸ್ಸನ್ನು ಹೇಳಬಹುದಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ನನ್ನ ಪಾಪ ಇದರೊಂದಿಗೆ ಹೋಗಲಿ ಎಂದು ಬೇಡಿಕೊಂಡು ನೀರಿಗೆ ಬಿಟ್ಟ. ದಡಕ್ಕೆ ಬಂದು ಬಹಳ ಹೊತ್ತು ಅತ್ತ. ಅತ್ತ ಮೇಲೆ ಹಸಿವಾಯಿತು. ಎಷ್ಟೋ ಕಾಲದ ಮೇಲೆ ಅಂದು ಹೊಟ್ಟೆ ತುಂಬ ಉಂಡ.

ಊರಿಗೆ ಬಂದವನು ಬೇರೆ ಮನುಷ್ಯನಾಗಿದ್ದ. ಯಾರೊಂದಿಗೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಕಷ್ಟವೆಂದು ಬಂದವರಿಗೆ ಇಲ್ಲವೆನ್ನುತ್ತಿರಲಿಲ್ಲ. ಜನ ಅವನನ್ನು ಸಾಧು ಎಂದು ಕರೆದರು. ಮಕ್ಕಳು ಬೆಳೆದರು, ಮದುವೆಯಾದರು. ಅವನು ಮುದುಕನಾಗಿ, ತನ್ನವರ ನಡುವೆ, ಹಾಸಿಗೆಯಲ್ಲಿ ಸತ್ತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನು ಕೇಳಿದ: "ಅಷ್ಟು ವ್ರತ, ಅಷ್ಟು ದಾನ, ಅಷ್ಟು ಕಣ್ಣೀರು. ಸಾಯುವಾಗಲಾದರೂ ಅವನ ಪಾಪ ತೊಳೆದುಹೋಗಿತ್ತೇ, ಗುರುಗಳೇ?"

ಗುರುಗಳು ಹೇಳಿದರು: "ಅಂಚೆಯವನ ಆ ಮಗಳಿಗೆ ಈಗ ಮಕ್ಕಳಾಗಿವೆ, ಅಜ್ಜ ಎಲ್ಲಿ ಎಂದು ಅವು ಕೇಳಿದರೆ, ನಿಮ್ಮ ಅಜ್ಜಿಯನ್ನು ಕೊಂದವನ ಹೆಸರು ಎತ್ತಬೇಡಿ ಎನ್ನುತ್ತಾಳೆ."