ಭರಮವ್ವ ಕಳಿಸಿದ ಬುತ್ತಿ

ಹೆಬ್ಬಂಡೆಗಳೇ ತುಂಬಿದ ಒಂದು ಕಾಡಿನಲ್ಲಿ ಭರಮವ್ವ ಎಂಬ ಕರಡಿ ಇದ್ದಳು. ಅವಳಿಗೆ ಒಬ್ಬನೇ ಮಗ, ಹೆಸರು ಜುಂಜ. ಹುಟ್ಟಿದಾಗಿನಿಂದ ಜುಂಜ ಅವ್ವನ ಬೆನ್ನು ಬಿಟ್ಟು ಇಳಿದವನೇ ಅಲ್ಲ. ಅವಳು ಗೆದ್ದಲು ಹುಡುಕಲು ಹೋದರೂ ಬೆನ್ನ ಮೇಲೆ, ಜೇನು ಕೀಳಲು ಹೋದರೂ ಬೆನ್ನ ಮೇಲೆ.

ಮುಂಗಾರಿನ ಮೊದಲ ಮಳೆ ಬಿತ್ತು. ಹಳ್ಳದ ಆಚೆ ಆಲದ ಮರದ ಕೆಳಗೆ ಕಾಡಿನ ಶಾಲೆ ಶುರುವಾಯಿತು. ಅಲ್ಲಿ ಪಾಠ ಹೇಳುವವರು ಮುಳ್ಳುಹಂದಿ ಟೀಚರು. ಎಲ್ಲರೂ ಅವರನ್ನು ಮುಳ್ಳಕ್ಕೋರು ಎನ್ನುತ್ತಿದ್ದರು. ನೆಲ ಅಗೆಯುವುದು, ವಾಸನೆ ಹಿಡಿಯುವುದು, ದಾರಿ ಗುರುತಿಡುವುದು ಎಲ್ಲವನ್ನೂ ಅವರು ಕಲಿಸುತ್ತಿದ್ದರು. ಅವರದು ಒಂದು ಕಟ್ಟುನಿಟ್ಟಿನ ನಿಯಮ ಇತ್ತು: ಅಪ್ಪ ಅವ್ವಂದಿರು ಹಳ್ಳದ ಈಚೆಗೇ ನಿಲ್ಲಬೇಕು.

ಅಂದು ಬೆಳಿಗ್ಗೆ ಭರಮವ್ವ ಮಗನ ಕೂದಲನ್ನು ನೆಕ್ಕಿ ನೆಕ್ಕಿ ಮಿರಿಮಿರಿ ಮಾಡಿದಳು. ಹಳ್ಳದ ದಂಡೆಯಲ್ಲಿ ಅವನನ್ನು ಇಳಿಸಿದಳು. ಜುಂಜ ಅವ್ವನ ಕಾಲು ತಬ್ಬಿಕೊಂಡು ನಿಂತ.

"ಏ, ಬಾರೋ! ಇಲ್ಲಿ ಹುತ್ತ ಐತಿ!" ಎಂದು ಆಚೆಯಿಂದ ಚಿಪ್ಪುಹಂದಿ ಮರಿಯೊಂದು ಕೂಗಿತು.

ಜುಂಜ ಕಾಲು ಬಿಟ್ಟ. ಕಲ್ಲಿನಿಂದ ಕಲ್ಲಿಗೆ ಜಿಗಿದು ಓಡಿಯೇಬಿಟ್ಟ. ಹಿಂದಿರುಗಿ ಒಮ್ಮೆಯೂ ನೋಡಲಿಲ್ಲ.

ಅಳದೆ ಹೋದನಲ್ಲ ಎಂದು ಭರಮವ್ವನಿಗೆ ಸಮಾಧಾನವಾಯಿತು. ಅಳಲೇ ಇಲ್ಲವಲ್ಲ ಎಂದು ಸಂಕಟವೂ ಆಯಿತು. ಮನೆಯ ದಾರಿ ಹಿಡಿದಳು. ಬೆನ್ನು ಹಗುರವಾಗಿತ್ತು. ದಾರಿಯಲ್ಲಿ ಹಣ್ಣು ಬಿದ್ದಿದ್ದನ್ನು ಕಂಡು, "ನೋಡೋ ಜುಂಜ, ನೇರಳೆ!" ಎಂದುಬಿಟ್ಟಳು. ಬೆನ್ನ ಮೇಲೆ ಜುಂಜ ಎಲ್ಲಿದ್ದ? ಅಲ್ಲೇ ಕುಳಿತು ಕಣ್ಣೀರು ಹಾಕಿದಳು.

ಇದನ್ನೆಲ್ಲ ಸಂಕಣ್ಣ ಎಂಬ ನರಿ ಬಂಡೆಯ ಮರೆಯಿಂದ ನೋಡುತ್ತಿತ್ತು. ಮರುದಿನ ಜುಂಜ ಶಾಲೆಗೆ ಹೋದ ಮೇಲೆ ಅದು ಭರಮವ್ವನ ಗವಿಗೆ ಬಂದಿತು.

"ಭರಮಕ್ಕಾ, ಹೇಳಬಾರದು ಅಂತಿದ್ದೆ. ಮನಸ್ಸು ತಡೀಲಿಲ್ಲ. ನಿನ್ನ ಮಗ ಮೂಲೆಯಲ್ಲಿ ಕೂತು ಅಳ್ತಾನೆ."

ಭರಮವ್ವ ದಡಕ್ಕನೆ ಎದ್ದು ನಿಂತಳು. "ನನ್ನ ಎದುರಿಗೆ ನಗ್ತಾನಲ್ಲೋ?"

"ಅದೇ ನೋಡು! ನೀನು ನೊಂದುಕೊಳ್ತೀ ಅಂತ ಮುಚ್ಚಿಡ್ತಾನೆ. ಹಸಿದುಕೊಂಡೇ ಇರ್ತಾನೆ ಪಾಪ. ಶಾಲೆಗೆ ಅಪ್ಪ ಅವ್ವಂದಿರು ಹೋಗಬಾರದು. ನಾನು ಯಾರ ಅಪ್ಪನೂ ಅಲ್ಲ, ಅವ್ವನೂ ಅಲ್ಲ. ಏನಾದರೂ ತಿನ್ನೋದಕ್ಕೆ ಕೊಟ್ಟರೆ ಅವನ ಕೈಗೆ ಮುಟ್ಟಿಸ್ತೀನಿ."

ಭರಮವ್ವ ಓಡಿಹೋಗಿ ಜೇನುಹುಟ್ಟು ತಂದು, ಮುತ್ತುಗದ ಎಲೆಯಲ್ಲಿ ಕಟ್ಟಿ ಬುತ್ತಿ ಮಾಡಿ ಕೊಟ್ಟಳು.

"ಇನ್ನೊಂದು ಮಾತು," ಎಂದಿತು ನರಿ. "ಮನೆಗೆ ಬಂದಾಗ ಶಾಲೆಯ ಸುದ್ದಿ ಕೇಳಬೇಡ. ನೆನಪಾಗಿ ಮತ್ತೆ ಅಳ್ತಾನೆ. ನಾಳೆಯಿಂದ ಹೋಗಲ್ಲ ಅಂತ ಹಟ ಹಿಡೀತಾನೆ."

ಆ ಬುತ್ತಿ ಯಾರ ಹೊಟ್ಟೆ ಸೇರಿತು ಎಂದು ಬೇರೆ ಹೇಳಬೇಕೆ?

ಸಂಜೆ ಜುಂಜ ಏದುಸಿರು ಬಿಡುತ್ತಾ ಬಂದ. "ಅವ್ವಾ, ಅವ್ವಾ, ಇವತ್ತು ಶಾಲೆಯಲ್ಲಿ ಏನಾಯ್ತು ಗೊತ್ತಾ..."

"ಬೇಡ ಕಂದಾ," ಎಂದಳು ಭರಮವ್ವ ಗಾಬರಿಯಿಂದ. "ಶಾಲೆಯ ಮಾತು ಈಗ ಬೇಡ. ಬಾ, ಉಣ್ಣು."

ಜುಂಜನ ಮುಖ ಸಪ್ಪಗಾಯಿತು. ಆ ಸಪ್ಪೆ ಮುಖ ಕಂಡು ಭರಮವ್ವ, ನರಿ ಹೇಳಿದ್ದೇ ನಿಜ ಎಂದುಕೊಂಡಳು.

ಹೀಗೇ ದಿನಗಳು ಕಳೆದವು. ನರಿ ದಿನಾ ಒಂದು ಕಥೆ ಕಟ್ಟುತ್ತಿತ್ತು, ದಿನಾ ಒಂದು ಬುತ್ತಿ ಒಯ್ಯುತ್ತಿತ್ತು. ಅದರ ಹೊಟ್ಟೆ ಗುಡಾಣವಾಯಿತು. ಭರಮವ್ವ ಮಾತ್ರ ಸೊರಗಿದಳು. ಒಂದು ದಿನ ನರಿ ದುರಾಸೆಗೆ ಬಿದ್ದು, "ಅಕ್ಕಾ, ಇವತ್ತು ಅತ್ತೂ ಅತ್ತೂ ಮೈ ಕಾವೇರಿದೆ. ಅವ್ವಾ ಅಂತ ಕನವರಿಸ್ತಿದ್ದಾನೆ. ದೊಡ್ಡ ಜೇನುಹುಟ್ಟನ್ನೇ ಕೊಡು," ಎಂದಿತು.

ದೊಡ್ಡ ಹುಟ್ಟನ್ನೇ ಕೊಟ್ಟಳು. ಆದರೆ ಮಗನಿಗೆ ಜ್ವರ ಎಂದ ಮೇಲೆ ಯಾವ ತಾಯಿಗೆ ಮನೆಯಲ್ಲಿ ನಿಲ್ಲಲಾದೀತು? ನಿಯಮವೂ ಬೇಡ, ಏನೂ ಬೇಡ ಎಂದು ನರಿಯ ಹಿಂದೆಯೇ ಹೊರಟಳು.

ಹಳ್ಳದ ಹತ್ತಿರ ಬಂದಾಗ ಪೊದೆಯ ಹಿಂದೆ ಚಪ್ಪರಿಸುವ ಸದ್ದು ಕೇಳಿತು. ಇಣುಕಿದಳು. ನರಿ ಕಾಲು ಚಾಚಿ ಕುಳಿತು ಜೇನು ನೆಕ್ಕುತ್ತಿತ್ತು. ಭರಮವ್ವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅಷ್ಟರಲ್ಲಿ ಆಚೆ ದಂಡೆಯಿಂದ ಒಂದು ನಗು ಕೇಳಿತು. ಅದು ಜುಂಜನ ನಗು!

ಜುಂಜ ಚಿಪ್ಪುಹಂದಿ ಮರಿಯೊಂದಿಗೆ ಹುತ್ತ ಅಗೆಯುತ್ತಿದ್ದ. ಮೂತಿಯ ತುಂಬ ಕೆಂಪು ಮಣ್ಣು. ಜಾರಿ ಧೊಪ್ಪೆಂದು ಬಿದ್ದ. ಭರಮವ್ವನ ಕಾಲು ತಾನಾಗಿ ಮುಂದಕ್ಕೆ ಹೋಯಿತು. ಅವಳು ಹೆಜ್ಜೆ ಇಡುವುದರೊಳಗೆ ಅವನೇ ಎದ್ದ, ಮೈ ಕೊಡವಿದ, ಮತ್ತೆ ಅಗೆಯತೊಡಗಿದ. ಎತ್ತಲು ಯಾರೂ ಬೇಕಾಗಲಿಲ್ಲ.

ಭರಮವ್ವ ಕಣ್ಣು ಒರೆಸಿಕೊಂಡು ಸದ್ದಿಲ್ಲದೆ ಹಿಂದಿರುಗಿದಳು.

ಮರುದಿನ ನರಿ ಬಂದಾಗ ಬುತ್ತಿ ಸಿದ್ಧವಾಗಿತ್ತು. ಎಲೆಯನ್ನು ಬಿಗಿಯಾಗಿ ಮಡಚಿ ಬಳ್ಳಿ ಸುತ್ತಿದ್ದಳು.

"ಇವತ್ತು ಏನಕ್ಕಾ ವಿಶೇಷ?"

"ಜುಂಜನಿಗೆ ಬಲು ಇಷ್ಟವಾದದ್ದು. ಅವನ ಕೈಗೇ ಕೊಡಪ್ಪಾ. ದಾರಿಯಲ್ಲಿ ಬಿಚ್ಚಬೇಡ."

ನರಿ ಪೊದೆಯ ಹಿಂದೆ ಕುಳಿತು ಬಳ್ಳಿ ಕಚ್ಚಿ ಕಿತ್ತಿತು. ಆತುರದಿಂದ ಮೂತಿಯನ್ನು ಒಳಗೇ ತೂರಿಸಿತು. ಒಳಗಿದ್ದದ್ದು ಮಾವಿನ ಮರದಿಂದ ಕಿತ್ತ ಕೆಂಜಿಗದ ಗೂಡು! ಕೆಂಪು ಇರುವೆಗಳು ಮೂಗು, ತುಟಿ, ಕಿವಿಯನ್ನೆಲ್ಲ ಕಚ್ಚಿ ಹಿಡಿದವು.

"ಅಯ್ಯಯ್ಯೋ! ಸತ್ತೆ!" ಎಂದು ಕಿರುಚುತ್ತಾ ನರಿ ದಿಕ್ಕು ತಪ್ಪಿ ಓಡಿತು. ಹಳ್ಳದಲ್ಲಿ ಬಿದ್ದು, ಎದ್ದು, ನೇರ ಶಾಲೆಯ ನಡುವೆ ಬಂದು ಹೊರಳಾಡಿತು. ಬಿದ್ದ ಇರುವೆಗಳನ್ನು ಜುಂಜ ಓಡಿಬಂದು ಲೊಚಲೊಚ ನೆಕ್ಕಿದ.

"ಆಹಾ, ಎಷ್ಟು ಹುಳಿ! ಸಂಕಣ್ಣಾ, ಇನ್ನೂ ಇದೆಯಾ?"

ಕರಡಿ ಮರಿಗೆ ಕೆಂಜಿಗವೆಂದರೆ ಹಬ್ಬದೂಟ. ಬುತ್ತಿ ಸೇರಬೇಕಾದವನಿಗೆ ಸೇರಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ.

ಮುಳ್ಳಕ್ಕೋರು ಮುಳ್ಳು ಝಾಡಿಸಿ ಎದ್ದು ನಿಂತರು. "ಏನಿದು? ಯಾರ ಬುತ್ತಿ?" ನರಿ ಬಾತ ಮೂತಿಯಲ್ಲೇ ಎಲ್ಲವನ್ನೂ ಒಪ್ಪಿಕೊಂಡಿತು. ಮಕ್ಕಳೆಲ್ಲ ಹೋ ಎಂದು ನಕ್ಕರು. ನರಿ ಬಾಲ ಮುದುರಿಕೊಂಡು ಆ ಕಾಡನ್ನೇ ಬಿಟ್ಟು ಹೋಯಿತು.

ಸಂಜೆ ಭರಮವ್ವ ಹಳ್ಳದ ಈಚೆ ಕಾಯುತ್ತಿದ್ದಳು. ಜುಂಜ ಬಂದೊಡನೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಶಾಲೆಯಲ್ಲಿ ಏನೇನಾಯ್ತು, ಹೇಳು ಕಂದಾ."

ಜುಂಜ ಕಣ್ಣರಳಿಸಿದ. "ಕೇಳ್ತೀಯಾ? ಪೂರ್ತಿ?"

"ಪೂರ್ತಿ. ಆದರೆ ಮೊದಲು ಇದೊಂದು ಹೇಳು. ಅಲ್ಲಿ ನನ್ನ ನೆನಪಾಗುತ್ತಾ?"

ಜುಂಜ ಸ್ವಲ್ಪ ಯೋಚಿಸಿದ. "ಆಡುವಾಗ ಇಲ್ಲ ಅವ್ವಾ. ಅಗೆಯುವಾಗಲೂ ಇಲ್ಲ. ಏನಾದರೂ ಹೊಸದು ಕಂಡರೆ ಮಾತ್ರ, ಇದನ್ನ ಅವ್ವನಿಗೆ ಹೇಳಬೇಕು ಅನಿಸುತ್ತೆ."

ಭರಮವ್ವ ಅವನ ಮೂತಿಯ ಮಣ್ಣನ್ನು ಒರೆಸಿದಳು. "ಹಾಗಾದರೆ ಹೇಳು," ಎಂದಳು.

"ಇವತ್ತಿನದಾ?"

"ಅಲ್ಲ. ಮೊದಲನೇ ದಿನದಿಂದ."

ನೀತಿ: ಹೆತ್ತವರ ಆತಂಕವನ್ನೇ ಬಂಡವಾಳ ಮಾಡಿಕೊಳ್ಳುವವರ ಮಾತು ನಂಬಬಾರದು, ಮಕ್ಕಳ ಸುದ್ದಿಯನ್ನು ಮಕ್ಕಳ ಬಾಯಿಂದಲೇ ಕೇಳಬೇಕು.