ನೆನಪಿನ ಚಾವಡಿಯ ಮಾರಾಟ

“ನಮ್ಮ ಲೆಕ್ಕಿಗರು ಹೊಳೆಯ ಮರಳನ್ನೂ ಗುಣಿಸಿ ಹೇಳಿಯಾರು!” ಎಂದು ದೊರೆ ಹಾಲಪ್ಪನಾಯಕ ತೊಡೆ ತಟ್ಟಿದ. “ಆ ನೆನಪಿನವರು ಮಾತ್ರ ಕೂತು ಉಣ್ಣುತ್ತಾರೆ. ಇವತ್ತೇ ಮಾರಿಬಿಡೋಣ.”

ಕಲ್ಲಹಳ್ಳದಲ್ಲಿ ಎರಡು ಚಾವಡಿಗಳಿದ್ದವು. ಒಂದರಲ್ಲಿ ಲೆಕ್ಕ ಮಾಡುವವರು, ಇನ್ನೊಂದರಲ್ಲಿ ಅದನ್ನು ನೆನಪಿಡುವವರು. ಕೆರೆ, ಕೋಟೆ ಕಟ್ಟಿಸುವ ಅರಸರೆಲ್ಲ ಇಬ್ಬರನ್ನೂ ಬಾಡಿಗೆಗೆ ಒಯ್ಯುತ್ತಿದ್ದರು. ಆಮೇಲೆ ಹೊಳೆಯಾಚೆಯ ಮುಗಿಲೂರಿನವರೂ ನೆನಪಿನ ಚಾವಡಿ ತೆರೆದು ಅಗ್ಗಕ್ಕೆ ಕೊಡತೊಡಗಿದರು. ನಮ್ಮದು ನಷ್ಟಕ್ಕೆ ಬಿತ್ತು. ಈಗ ಅದನ್ನು ಕೊಳ್ಳಲು ಬಂದು ಕೂತಿದ್ದವನೂ ಮುಗಿಲೂರಿನ ರಾಯಭಾರಿಯೇ.

ಆಸ್ಥಾನದ ಜಾಣ ನಾನು. ಆ ಹುದ್ದೆ ಕೇಳಿಕೊಂಡು ಬೇರೆ ಯಾರೂ ಬಂದಿರಲಿಲ್ಲ. ನೆನಪಿನ ಚಾವಡಿಯ ಹಿರಿಯಳು ನನ್ನ ಹೆಂಡತಿ ಹೊನ್ನವ್ವ. ಚಾವಡಿ ಹೋದರೆ ಅವಳೂ ಹೊಳೆಯಾಚೆ.

“ಏನಾದರೂ ಮಾಡ್ರೀ. ಜಾಣ ಅಂತ ಹೆಸರಿದೆಯಲ್ಲ,” ಎಂದಿದ್ದಳು ಬೆಳಿಗ್ಗೆ.

“ಹೆಸರೇನೋ ಇದೆ,” ಎಂದಿದ್ದೆ.

ಸಭೆಯಲ್ಲಿ ಎದ್ದು ನಿಂತು, “ಮಾರಿಬಿಡಿ ಪ್ರಭು,” ಎಂದೆ. ಹೊನ್ನವ್ವ ನೋಡಿದ ನೋಟಕ್ಕೆ ಕಂಬದ ಹಿಂದೆ ಸರಿದು ಉಳಿದದ್ದನ್ನು ಅಲ್ಲಿಂದಲೇ ಹೇಳಿದೆ. “ಮುದ್ರೆ ಒತ್ತುವ ಮೊದಲು ನೆನಪಿನವರನ್ನು ರಾಯಭಾರಿಗಳ ಕಡೆ ಕೂರಿಸಿ. ಅವರಿಲ್ಲದೆಯೂ ನಮ್ಮ ಲೆಕ್ಕಿಗರು ಎಂಥವರೆಂದು ಮುಗಿಲೂರು ನೋಡಲಿ.”

ದೊರೆ ಹಿಗ್ಗಿದ. ಹಿರಿಯ ಲೆಕ್ಕಿಗ ಗುರುಶಾಂತಯ್ಯನನ್ನು ಕರೆದು ಹೊಸ ಕೆರೆಯ ಏರಿಗೆ ಎಷ್ಟು ಕಲ್ಲು ಬೇಕೆಂದು ಕೇಳಿದ. ಸಾಲಿಗೆ ನಾನೂರ ಮೂವತ್ತೆಂಟು ಕಲ್ಲು, ಅಂಥ ಎಪ್ಪತ್ತೇಳು ಸಾಲು.

ಲೆಕ್ಕಿಗರು ಬರೆಯುವುದಿಲ್ಲ. ಬರೆಯುವುದು ಕೈಲಾಗದವರ ಕೆಲಸವೆಂಬ ಹೆಮ್ಮೆ. ಕಣ್ಣು ಮುಚ್ಚಿ ಗುಣಿಸುತ್ತಾರೆ, ಬಂದ ಅಂಕಿಯನ್ನು ಎಡಕ್ಕೆ ಕೂತ ನೆನಪಿನವರಿಗೆ ಒಪ್ಪಿಸಿ ಮುಂದೆ ಹೋಗುತ್ತಾರೆ.

“ಏಳೆಂಟ್ಲ ಐವತ್ತಾರು. ಆರು ಇಡು, ಐದು ಹಿಡಿ,” ಎಂದು ಗುರುಶಾಂತಯ್ಯ ಎಡಕ್ಕೆ ತಲೆ ಆಡಿಸಿದ. ಎಡಕ್ಕೆ ಖಾಲಿ ಚಾಪೆ. “ಏಳ್ಮೂರ್ಲ ಇಪ್ಪತ್ತೊಂದು. ಅದಕ್ಕೆ... ಐದೋ, ಆರೋ?”

ಅವನು ಕಣ್ಣು ತೆರೆದ. ಲೆಕ್ಕದ ನಡುವೆ ಅವನ ಕಣ್ಣು ಕಂಡವರು ಯಾರೂ ಇರಲಿಲ್ಲ.

“ಹೊನ್ನವ್ವಾ, ಎಷ್ಟು ಹಿಡಿದೆ ತಾಯೀ?”

“ಹಿಡಿದಿದೀನಿ ಅಯ್ಯನೋರೇ. ಆದರೆ ಈಗ ನಾನು ಮುಗಿಲೂರಿನ ಸರಕು. ಅವರನ್ನೇ ಕೇಳಿ.”

ರಾಯಭಾರಿ ಮೀಸೆ ತಿರುವಿದ. “ಕೊಡೋಣ. ಅಂಕಿಗೊಂದು ಹಳ್ಳಿ.”

“ಅಗ್ಗಕ್ಕೆ ಕೊಡ್ತಿದ್ದಿರಲ್ಲಯ್ಯಾ!” ದೊರೆ ಕೂಗಿದ.

“ಅದು ನಿಮ್ಮ ಹತ್ತಿರವೂ ಇದ್ದಾಗ, ದೊರೆ.”

ಹಾಲಪ್ಪನಾಯಕ ಮುದ್ರೆಯನ್ನು ಕಲ್ಲಿನಂತೆ ಎತ್ತಿ ನನ್ನ ಕಡೆ ತಿರುಗಿದ. “ಮಾರಿ ಅಂದವನು ನೀನು!”

“ಅಂದೆ ಪ್ರಭು. ನನ್ನ ಮಾತು ನೀವು ಕೇಳಿದ್ದು ಇದೇ ಮೊದಲು. ನಾನೂ ಬೆಚ್ಚಿಬಿದ್ದೆ.”

“ನಷ್ಟದ ಚಾವಡಿ ಇಟ್ಟುಕೊಂಡು ಏನು ಮಾಡಲೋ?”

“ನಷ್ಟ ಯಾವುದೆಂದು ನೋಡಿ ಪ್ರಭು. ಚಾವಡಿ ಕೊಳ್ಳಲು ಇವರು ಹೊಳೆ ದಾಟಿ ಬಂದಿದ್ದಾರೆ. ನನ್ನನ್ನು ಕೊಳ್ಳಲು ಈವರೆಗೆ ಪಕ್ಕದ ಬೀದಿಯಿಂದಲೂ ಒಬ್ಬ ಬಂದಿಲ್ಲ.”

ದೊರೆ ಬಿದ್ದು ಬಿದ್ದು ನಕ್ಕ. ಮುದ್ರೆ ಪೆಟ್ಟಿಗೆಗೆ ಹೋಯಿತು. ಹೊನ್ನವ್ವ ಎದ್ದು ಬಂದು ಚಾಪೆಯ ಮೇಲೆ ಕೂತು, “ಐದು, ಅಯ್ಯನೋರೇ,” ಎಂದಳು.

ದೊರೆ ನನಗೆ ಶಾಲು ಹೊದಿಸಿ, ರಾಯಭಾರಿಯ ಕಡೆ ತಿರುಗಿದ. “ಬರಿಗೈಲಿ ಹೋಗಬೇಡಿ. ಬೇಕಾದರೆ ಈ ಜಾಣನನ್ನು ಒಯ್ಯಿರಿ. ಬಿಟ್ಟಿ.”

ರಾಯಭಾರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ದೋಣಿಯ ಬಾಡಿಗೆ ಯಾರದು?” ಎಂದ.